ಒಬ್ಬೊಬ್ಬರೇ ಬರಬೇಕು

"ಯಾಕೆ ಬಂದಿರಿ?" ಮಗಳು ಮೇಜು ಕುಟ್ಟಿ ಕೇಳಿದಳು.

ಬಟ್ಟೆ ಕತ್ತರಿಸುವ ಮೇಜಿನ ಆಚೆಗೆ ಅವಳ ಅಪ್ಪ, ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡೇ, ಕೈಕಟ್ಟಿ ನಿಂತ. "ಮಗನಿಗೋಸ್ಕರ ಬಂದೆ ಸ್ವಾಮಿ. ಉಳಿದಿದ್ದು ಮಗಳು ಹೇಳ್ತಾಳೆ."

"ಎಷ್ಟು ದಿನ ಇರ್ತೀರಿ?"

"ಅವನನ್ನ ಕರ್ಕೊಂಡು ಹೊರಡೋ ತನಕ."

"ಸರಿ. ಇದಕ್ಕಿಂತ ಒಂದು ಮಾತೂ ಜಾಸ್ತಿ ಬೇಡ ಅಪ್ಪ."

"ಗಡಿಯ ಅಧಿಕಾರಿ ನಿನ್ನಷ್ಟು ಗಂಟುಮುಖದವನಾಗಿರಲ್ಲ ಬಿಡು," ಎಂದು ದರ್ಜಿ ನಕ್ಕ. ಅವಳೂ ನಕ್ಕಳು. ನಗದೆ ವಿಧಿಯಿರಲಿಲ್ಲ.

ತಮ್ಮ ಸತ್ತು ನಾಲ್ಕು ದಿನವಾಗಿತ್ತು. ಅದನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ.

ತಮ್ಮ ಗಡಿಯಾಚೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸುದ್ದಿ ಅವಳು ಪಾಠ ಹೇಳುವ ಶಾಲೆಯ ಫೋನಿಗೆ ಬಂದಿತ್ತು. ಏಣಿಯಿಂದ ಬಿದ್ದನಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಗಿತ್ತಂತೆ. ಮದುವೆಯಾಗದವನ ಶವವನ್ನು ಆ ದೇಶದಲ್ಲಿ ಹೆತ್ತವರಿಗೇ ಕೊಡುವುದು. ಅವರೇ ಬಂದು ಸಹಿ ಹಾಕಬೇಕು. ಬಾರದಿದ್ದರೆ ಅಲ್ಲೇ ಮಣ್ಣು, ದಿಕ್ಕಿಲ್ಲದವನ ಹಾಗೆ.

ಅಮ್ಮ ಹೋದ ದಿನ ಅಪ್ಪ ಇದೇ ಮೇಜಿನ ಬುಡದಲ್ಲಿ ಕುಸಿದುಬಿದ್ದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದ. ಇಂಥ ಇನ್ನೊಂದು ಪೆಟ್ಟನ್ನು ಈ ಎದೆ ತಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಅದಕ್ಕೇ ಅವಳು, ತಮ್ಮನಿಗೆ ಆಪರೇಷನ್ ಆಗಬೇಕು, ತಂದೆಯ ಸಹಿ ಬೇಕಂತೆ ಎಂದಿದ್ದಳು. ನಿಜವನ್ನು ಅಲ್ಲಿಗೆ ಹೋದ ಮೇಲೆ, ಡಾಕ್ಟರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳುವುದೆಂದು ತೀರ್ಮಾನಿಸಿದ್ದಳು.

ಗಡಿ ದಾಟುವುದು ಹೇಗೆಂಬುದೇ ಬಗೆಹರಿಯುತ್ತಿರಲಿಲ್ಲ. ಈಚೆಗೆ ತಪಾಸಣೆ ಬಿಗಿಯಾಗಿತ್ತು. ಜೊತೆಗೆ ಬಂದವರನ್ನೂ ಬೇರೆಬೇರೆಯಾಗಿ ಪ್ರಶ್ನಿಸುತ್ತಿದ್ದರು. ಇಬ್ಬರ ಮಾತು ತಾಳೆಯಾಗದಿದ್ದರೆ ಬಂದ ಬಸ್ಸಿಗೇ ವಾಪಸು. ಐದು ವರ್ಷ ಆ ಕಡೆ ತಲೆಹಾಕುವಂತಿಲ್ಲ. ಇಬ್ಬರ ಪರವಾನಗಿಯನ್ನೂ ತಮ್ಮನ ರೂಮಿನ ಗೆಳೆಯ ಅಲ್ಲಿಂದಲೇ ಮಾಡಿಸಿ ಕಳಿಸಿದ್ದ. ಆ ದೇಶದ ದಾಖಲೆಯಲ್ಲಿದ್ದ ಕಾರಣ: ಶವ ಒಯ್ಯಲು. ಅಪ್ಪ ಆಪರೇಷನ್ ಎಂದುಬಿಟ್ಟರೆ ಕೆಲಸ ಕೆಟ್ಟಿತು. ಅಧಿಕಾರಿಯೇ ನಿಜ ಹೇಳಿಬಿಟ್ಟರೆ ಅಪ್ಪ ಉಳಿಯುವುದಿಲ್ಲ.

"ಅಪ್ಪನಿಗೆ ಮಾತ್ರ ಏನೂ ಹೇಳ್ಬೇಡಪ್ಪ," ಎಂದು ಆ ಗೆಳೆಯನನ್ನು ಫೋನಿನಲ್ಲಿ ಬೇಡಿಕೊಂಡಿದ್ದಳು.

"ನೀವೂ..." ಎಂದವನು ಮಾತು ನುಂಗಿಕೊಂಡ. "ಆಯ್ತಕ್ಕ. ನಾನು ಯಾರಿಗೂ ಏನೂ ಹೇಳಲ್ಲ. ನನ್ನನ್ನ ಇನ್ನೇನೂ ಕೇಳ್ಬೇಡಿ." ಪಾಪ, ಅತ್ತು ಅತ್ತು ದನಿ ಕೆಟ್ಟಿತ್ತು.

ಈ ಪ್ರಯಾಣ ಕ್ಷೇಮವಲ್ಲ ಎಂದು ಹಟ ಹಿಡಿದವನು ಅಪ್ಪ. ಅದೂ ತನಗಲ್ಲ, ಅವಳಿಗೆ.

"ಒಂದು ಸಹಿಗೆ ಇಬ್ಬರು ಬೇಕಾ? ಅಲ್ಲಿ ಫೋನ್ ಕಿತ್ಕೊಂಡು ನೋಡ್ತಾರಂತೆ. ಹೆಣ್ಮಕ್ಕಳನ್ನ ಒಂಟಿ ಕೋಣೇಲಿ ಕೂರಿಸ್ತಾರಂತೆ. ನಾನು ಹೋಗ್ಬರ್ತೀನಿ. ನೀನು ಮನೇಲಿರು ತಾಯಿ."

"ನೀರು ಅಂತ ಕೇಳೋಕೂ ನಿನಗೆ ಅಲ್ಲಿನ ಭಾಷೆ ಬರಲ್ಲ."

"ಬಾಯಾರಿಕೆಗೂ ವ್ಯಾಕರಣ ಬೇಕಾ? ಹೆಬ್ಬೆರಳು ಬಾಯಿಗಿಟ್ಟು ತೋರಿಸಿದ್ರೆ ಆಯ್ತು."

"ಹೆಂಡ ಕೊಡ್ತಾರೆ ಅಷ್ಟೇ."

ಎರಡು ದಿನ ಜಗ್ಗಾಡಿದರು. ಅವನ ಬಿಪಿ ಮಾತ್ರೆಯ ಡಬ್ಬಿಯನ್ನು ಅವಳು ತನ್ನ ಚೀಲಕ್ಕೆ ಹಾಕಿಕೊಂಡು ಬೀಗ ಜಡಿದ ಮೇಲೆಯೇ ಅವನು ಸೋತದ್ದು.

ಹೊರಡುವ ಮುನ್ನಾದಿನ, ಅನುಮಾನ ಬಾರದಿರಲೆಂದು, ಅವಳು ತಮ್ಮನಿಗೆ ನೀಲಿ ಸ್ವೆಟರ್ ಕೊಂಡುತಂದಳು. "ಆಪರೇಷನ್ ಆದ್ಮೇಲೆ ಚಳಿ ಜಾಸ್ತಿಯಂತೆ. ಬಣ್ಣ ಒಪ್ತಾನಾ?"

ಅಪ್ಪ ಅದನ್ನು ಮುಟ್ಟಿ ನೋಡಿದ. "ಒಪ್ತಾನೆ," ಎಂದವನೇ ಮಿಷನ್ನಿನ ಕಡೆ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದ. ಮೂರು ಸಲ ತಪ್ಪಿತು. ಕಣ್ಣಿನ ಪೊರೆ ಬಲಿತಿದೆ, ಬಂದ ಮೇಲೆ ತೋರಿಸಬೇಕು ಎಂದುಕೊಂಡಳು.

ಹೊಲಿಯುತ್ತಿದ್ದದ್ದು ಮಗನಿಗೊಂದು ಬಿಳಿ ಅಂಗಿ. ಬೆನ್ನು ಪೂರಾ ಸೀಳು, ಕಟ್ಟಲು ಲಾಡಿ. "ಮಲಗಿರೋನಿಗೆ ತೋಳೆತ್ತಿಸಿ ಹಾಕೋಕಾಗಲ್ಲಮ್ಮ," ಎಂದ. ಜೇಬು ಇಡಲು ಮರೆತಿದ್ದ. ನಲವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ. ಅರಿಯದೆಯೇ ಎಷ್ಟು ಸರಿಯಾಗಿ ಹೊಲಿದುಬಿಟ್ಟ ಎನಿಸಿ, ಅವಳು ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಗಡಿಯ ಕಟ್ಟಡದಲ್ಲಿ ನೆಲಕ್ಕೊಂದು ಹಳದಿ ಗೆರೆ ಎಳೆದಿದ್ದರು. ಅಪ್ಪನ ತೋಳು ಹಿಡಿದು ಅವಳೂ ಗೆರೆ ದಾಟಿದಳು. ಕಾವಲಿನವನು ಕೈ ಅಡ್ಡ ಹಿಡಿದ. ಒಬ್ಬೊಬ್ಬರೇ.

"ವಯಸ್ಸಾದವರು, ನಾನು ಜೊತೆಗೆ..."

ಅವನು ಆಗದೆಂದು ತಲೆಯಾಡಿಸಿದ.

"ಪಾಠ ಬಾಯಿಗೆ ಬಂದಿದೆ ಟೀಚರಮ್ಮ, ಹೆದರಬೇಡ," ಎಂದು ಅಪ್ಪ ಅವಳ ಕೆನ್ನೆ ತಟ್ಟಿ ಒಳಗೆ ನಡೆದ.

ಗಾಜಿನ ಕೋಣೆಯಲ್ಲಿ ಅಧಿಕಾರಿ, ಪಕ್ಕದಲ್ಲಿ ಇವರ ಭಾಷೆ ಬಲ್ಲ ದುಭಾಷಿ ಹೆಂಗಸು. ಮಾತು ಹೊರಗೆ ಕೇಳಿಸುತ್ತಿರಲಿಲ್ಲ. ಅಪ್ಪ ಹೇಳಿಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಮಾತಾಡುತ್ತಿದ್ದ. ಅಧಿಕಾರಿ ಕಂಪ್ಯೂಟರ್ ನೋಡಿದ, ಅಪ್ಪನನ್ನು ನೋಡಿದ. ಅಪ್ಪ ಎರಡೂ ಕೈ ಜೋಡಿಸಿದ. ಆಪರೇಷನ್ ಅಂದುಬಿಟ್ಟ! ಎಂದುಕೊಂಡಳು.

ಮುದ್ರೆ ಬಿತ್ತು. ಅಪ್ಪ ಆಚೆ ಬಾಗಿಲಿನಿಂದ ಹೊರಬಿದ್ದು, ಈ ಕಡೆ ಬೆನ್ನುಮಾಡಿ ಬೆಂಚಿನ ಮೇಲೆ ಕೂತ. ಬೆನ್ನು ನೆಟ್ಟಗಿತ್ತು. ಅಂದರೆ ಯಾರೂ ಹೇಳಿಲ್ಲ.

ಅವಳ ಸರದಿ ಬಂದಾಗ ಅಧಿಕಾರಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಸ್‌ಪೋರ್ಟ್ ತೆರೆದು ಸುಮ್ಮನೆ ಮುದ್ರೆಗೆ ಕೈಹಾಕಿದ. ಕೇಳದಿದ್ದದ್ದೇ ಅವಳಿಗೆ ಹೆದರಿಕೆ ತಂದಿತು. ತಾನಾಗಿಯೇ ಹೇಳಿಬಿಟ್ಟಳು: "ನನ್ನ ತಮ್ಮನ ಶವ ತಗೊಂಡು ಹೋಗೋಕೆ ಬಂದಿದೀವಿ. ಅಪ್ಪ ಬೇರೆ ಏನಾದ್ರೂ ಅಂದಿದ್ರೆ ಅದು ಸುಳ್ಳಲ್ಲ, ಅವರಿಗೆ ಗೊತ್ತಿಲ್ಲ. ದಯವಿಟ್ಟು ಹೇಳ್ಬೇಡಿ."

ದುಭಾಷಿ ಅದನ್ನು ಅಧಿಕಾರಿಗೆ ತಿಳಿಸಲಿಲ್ಲ. ಗಾಜಿನಾಚೆ ಬೆಂಚಿನಲ್ಲಿ ಕೂತ ಅಪ್ಪನನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಮ್ಮಾ, ಅವರು ಈಗ ಕೈಮುಗಿದು ಕೇಳ್ಕೊಂಡಿದ್ದೂ ಅದನ್ನೇ: ಮಗಳು ಆಪರೇಷನ್ ಅಂತಾನೇ ನಂಬ್ಕೊಂಡು ಬಂದಿದಾಳೆ, ತಮ್ಮ ಹೋದ ಸುದ್ದಿ ಅವಳಿಗೆ ಹೇಳ್ಬೇಡಿ ಅಂತ."