ಬೇಡದವರ ಪತ್ರ

"ಕಳಿಸಿದ್ದೇವೆ ಅಂತ್ರು ಫೋನಲ್ಲಿ. ಇಲ್ಲಿ ನೋಡಿದ್ರೆ ಎಂತದೂ ಇಲ್ಲ," ಎಂದ ವಿಶ್ವನಾಥ. ಕಾರವಾರದ ಕಂಪನಿಯೊಂದರ ಸಂದರ್ಶನದ ಇ-ಮೇಲ್ ಪತ್ರಕ್ಕಾಗಿ ಅವನು ಹತ್ತು ದಿನಗಳಿಂದ ಹೊನ್ನಾವರದ ಈ ಸೈಬರ್ ಕೆಫೆಗೆ ಅಲೆಯುತ್ತಿದ್ದ. ಇವತ್ತು ಹೆಂಡತಿ ರೇಖಾಳೂ ಜೊತೆಗಿದ್ದಳು. ಕುರ್ಚಿಯ ಹಿಂದೆ ನಿಂತು, ಪರದೆಯನ್ನು ಬಿಟ್ಟು ಫ್ಯಾನು ನೋಡುತ್ತಿದ್ದಳು.

"ನನ್ನ ಕಂಪ್ಯೂಟರಲ್ಲಿ ನೋಡ್ವ," ಎಂದಳು ಕೆಫೆ ನಡೆಸುವ ನೇತ್ರಾ. "ಪಾಸ್‌ವರ್ಡ್?"

"ಇವಳ ಹೆಸರೇ ಅಕ್ಕ. ಮುಂದೆ ಮದುವೆ ಆದ ವರ್ಷ."

ನೇತ್ರಾ ಒಂದು ಕ್ಷಣ ತಡೆದು ಅಕ್ಷರಗಳನ್ನು ಒತ್ತಿದಳು. ಮೂರು ವಾರದ ಹಿಂದೆ ರೇಖಾ ಒಬ್ಬಳೇ ಬಂದು, "ಬೇಡದವರ ಪತ್ರ ಬರದ ಹಾಗೆ ಮಾಡೂಕೆ ಆಗ್ತದಾ?" ಎಂದು ಕೇಳಿದ್ದಳು. ಫಿಲ್ಟರ್ ಹಾಕುವುದನ್ನು ಕಲಿಸಿದವಳು ನೇತ್ರಾಳೇ. ಯಾರ ಪತ್ರವೆಂದು ಕೇಳಿರಲಿಲ್ಲ.

ಈಗ ವಿಶ್ವನಾಥನ ಖಾತೆಯ ಫಿಲ್ಟರಿನಲ್ಲಿ ಒಂದೇ ಒಂದು ನಿಯಮ ಕಂಡಿತು: ಕಳಿಸಿದವರ ಹೆಸರಿನಲ್ಲಿ 'ನಾಯ್ಕ' ಎಂದಿದ್ದರೆ ಟ್ರ್ಯಾಶ್‌ಗೆ ಹಾಕು.

ಸದ್ದಿಲ್ಲದೆ ಅಳಿಸಿಬಿಡಬಹುದಿತ್ತು. ರೇಖಾ ಹಿಂದಿನಿಂದ ಅವಳ ಭುಜಕ್ಕೆ ಮೆಲ್ಲಗೆ ಬೆರಳು ತಾಗಿಸಿದಳು. ನೇತ್ರಾ ಪರದೆಯನ್ನು ವಿಶ್ವನಾಥನ ಕಡೆ ತಿರುಗಿಸಿದಳು.

"ಇದು ತನ್ನಷ್ಟಕ್ಕೇ ಆಗೂದಲ್ಲ. ಯಾರೋ ಕೂತು ಮಾಡಿದ್ದು."

ಅವನು ಎರಡು ಸಲ ಓದಿ ಹೆಂಡತಿಯ ಮುಖ ನೋಡಿದ. "ಯಾರನ್ನ ತಡೆಯೂಕೆ ಇದು?"

"ಆ ಕುಮಟೆಯ ಸುಚಿತಾ," ಎಂದಳು ರೇಖಾ. "ಕಾಲೇಜಲ್ಲಿ ನಿಮ್ಮ ಒಟ್ಟಿಗೆ ಇತ್ತು ಅಂತ ವಾರಕ್ಕೆರಡು ಗುಲಾಬಿ ಹೂವಿನ ಚಿತ್ರ ಕಳಿಸ್ತದೆ. ಮೂರು ವಿಳಾಸ ಬೇರೆ ಅದಕ್ಕೆ. ಮೂರರಲ್ಲೂ ಇದ್ದದ್ದು ನಾಯ್ಕ ಒಂದೇ."

ಟ್ರ್ಯಾಶ್ ತೆರೆದರು. ಸುಚಿತಾಳ ಗುಲಾಬಿಗಳ ನಡುವೆ ಬೆಳಕೆ ಊರಿನ ಲಿಂಗಪ್ಪ ನಾಯ್ಕ ಭಾವನ ಎರಡು ಪತ್ರ, ಯಾರದೋ ಮದುವೆಯ ಕರೆಯೋಲೆ, ಕೆಳಗೆ ಕಾರವಾರದ ಕಂಪನಿಯ ಮ್ಯಾನೇಜರ್ ಎಂ. ಜಿ. ನಾಯ್ಕರ ಪತ್ರ. ಸಂದರ್ಶನ ನಾಳೆ ಬೆಳಿಗ್ಗೆ ಹತ್ತಕ್ಕೆ.

ನೇತ್ರಾ ಕಾದಳು. ಒಂದು ಜಗಳ ನೋಡಬೇಕೆಂದು ಅವಳಿಗೆ ತುಂಬ ಆಸೆಯಾಗಿತ್ತು.

ವಿಶ್ವನಾಥ ನಕ್ಕುಬಿಟ್ಟ. "ಭಟ್ಕಳದಿಂದ ಕಾರವಾರದವರೆಗಿನ ನಾಯ್ಕರನ್ನೆಲ್ಲ ಕಸಕ್ಕೆ ಹಾಕಿದ್ಯಲ್ಲ ಮಾರಾಯ್ತಿ. ನೀನೂ ನಾಯ್ಕಳೇ ಅಲ್ದಾ?"

"ನಾನೆಂತ ನಿಮಗೆ ಪತ್ರ ಬರೀತೇನಾ?"

"ಇಷ್ಟು ಹೊಟ್ಟೆಕಿಚ್ಚು ಉಂಟಾ ನಿಂಗೆ?" ಎಂದು ಕೇಳಿದ. ದನಿಯಲ್ಲಿ ಹೆಮ್ಮೆಯಿತ್ತು. "ಆತು, ನಡೆ. ಬೆಳಗಿನ ಬಸ್ಸಿಗೆ ಹೊರಡ್ಬೇಕು. ಅಂಗಿಗೆ ಇಸ್ತ್ರಿ ಹಾಕಿಕೊಡೂದೇ ನಿನ್ನ ಶಿಕ್ಷೆ."

ಪತ್ರ ಪ್ರಿಂಟ್ ಮಾಡಿಸಿಕೊಂಡು ಹೊರಟರು. ರಸ್ತೆ ದಾಟುವಾಗ ಅವನು ಅವಳ ಮುಂಗೈ ಹಿಡಿದುಕೊಂಡಿದ್ದ. ಲಾರಿ ದಾಟಿಹೋದ ಮೇಲೂ ಬಿಡಲಿಲ್ಲ. ಅವರು ಬಸ್‌ಸ್ಟ್ಯಾಂಡಿನ ಜನರಲ್ಲಿ ಮರೆಯಾಗುವತನಕ ನೇತ್ರಾ ಕಿಟಕಿಯಿಂದ ನೋಡಿದಳು.

ಆಮೇಲೆ ತನ್ನ ಖಾತೆ ತೆರೆದಳು. ಅಲ್ಲಿಯೂ ಒಂದೇ ನಿಯಮವಿತ್ತು: ದಿನಕರನ ಪತ್ರ ಬಂದರೆ 'ಮನೆ' ಎಂಬ ಫೋಲ್ಡರಿನಲ್ಲಿ ಇಡು. ಗಂಡ ದಿನಕರ ತೀರಿಕೊಂಡು ಎರಡು ವರ್ಷವಾಗಿತ್ತು. ಫೋಲ್ಡರಿಗೆ ಹೊಸ ಪತ್ರವೇನೂ ಬಂದಿರಲಿಲ್ಲ. ಅವಳು ವಿಳಾಸದ ಅಕ್ಷರಗಳನ್ನು ಒಂದೊಂದಾಗಿ ಸರಿನೋಡಿದಳು. ನಿಯಮದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.