ಬಿಡ್ರಿ

ಖಾನಾಪುರದ ಕಾಡಿನ ಮೇಲೆ ಪುಷ್ಪಕವೆಂಬ ಆ ಪುಟ್ಟ ತರಬೇತಿ ವಿಮಾನದ ಮೂತಿ ಮತ್ತೆ ಮೇಲಕ್ಕೆದ್ದಿತು. ಹಾರಲು ಕಲಿಯುತ್ತಿದ್ದ ದುಂಡಪ್ಪ ಹೆದರಿ, ಚಾಲನೆಯ ಕೋಲನ್ನು ಎರಡೂ ಕೈಯಿಂದ ಮುಂದಕ್ಕೊತ್ತಿದ. ಮೂತಿ ಕಾಡಿನತ್ತ ಕುಸಿಯಿತು. ಗಾಬರಿಯಲ್ಲಿ ಹಿಂದಕ್ಕೆಳೆದ, ಈ ಸಲ ಇನ್ನೂ ಎತ್ತರಕ್ಕೆದ್ದಿತು. ಕೆಳಗೆ ಇಳಿಯಲು ಒಂದು ಗದ್ದೆಯೂ ಇರಲಿಲ್ಲ.

"ಜೀವಂತ ಬೆಳಗಾವಿ ಮುಟ್ಟತೀವೇನ್ರೀ ಸರ?"

ಪಕ್ಕದಲ್ಲಿದ್ದ ಶಿಕ್ಷಕ ಬಾಳಾಸಾಹೇಬರು ಏನೋ ಕೂಗಿದರು. ಎಂಜಿನ್ನಿನ ಸದ್ದಿನಲ್ಲಿ ದುಂಡಪ್ಪನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ: "ಬಿಡ್ರಿ!"

ಅವನು ಕಣ್ಣು ಮುಚ್ಚಿ ಎರಡೂ ಕೈ ಬಿಟ್ಟ.

"ಹೆದರಿಕಿ ಬಿಡ್ರಿ ಅಂದ್ರ ಕೋಲೇ ಬಿಟ್ರೇನ್ರೀ ಯಪ್ಪಾ!" ಎನ್ನುತ್ತ ಕೈ ಚಾಚಿದ ಬಾಳಾಸಾಹೇಬರು ಅರ್ಧಕ್ಕೇ ನಿಲ್ಲಿಸಿದರು. ವಿಮಾನ ಒಮ್ಮೆ ತೂಗಿತು, ಇನ್ನೊಮ್ಮೆ ಮೆಲ್ಲಗೆ ತೂಗಿ ತಾನಾಗಿಯೇ ನೆಟ್ಟಗಾಯಿತು.

ದುಂಡಪ್ಪ ಕಣ್ಣು ತೆರೆದ. ಇಷ್ಟು ಹೊತ್ತು ವಿಮಾನವನ್ನು ಕುಣಿಸಿದ್ದ ಎರಡೂ ಕೈಗಳನ್ನು ಮೆಲ್ಲಗೆ ತೊಡೆಯಡಿ ಇಟ್ಟುಕೊಂಡ.