ಸೀರೆ ಉಟ್ಟ ಬಸ್ಸು

"ಇವತ್ತು ಬಸ್ಸಿನ ಬುಡ ಮುಚ್ಚಿದ್ರೆ ಸರಿ. ಇಲ್ದಿದ್ರೆ ನಾನು ಕುಣಿಗಲ್ಲಿಗೆ, ಮಗಳ ಮನೆಗೆ ಹೊರಟೆ," ಎಂದು ಮಂಜುಳಮ್ಮ ಕಾಫಿ ಲೋಟವನ್ನು ಟಕ್ಕನೆ ಇಟ್ಟಳು. "ರಾತ್ರಿಯೆಲ್ಲ ಕೆಳಗಿಂದ ಗಾಳಿ ನುಗ್ತದೆ ಕಣ್ರೀ. ಮಂಡಿ ಹಿಡ್ಕಂಡು ಕೂತಿದ್ದೆ."

ಗಂಡ ಓಬಳಯ್ಯ ಕುಡಿಯುತ್ತಿದ್ದ ಕಾಫಿ ಬಿಟ್ಟು ತಲೆಯೆತ್ತಿದ. ತಾನೇ ವರ್ಷಾನುಗಟ್ಟಲೆ ಓಡಿಸಿದ ತುಮಕೂರು–ಕುಣಿಗಲ್ ಬಸ್ಸು ಗುಜರಿಗೆ ಹೊರಟಾಗ ಬಿಟ್ಟುಕೊಡಲಾರದೆ, ಅದನ್ನು ಕೊಂಡು ತಂದು ಗುಬ್ಬಿ ಹತ್ತಿರದ ತೋಟದಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ, ಸೀಟು ಕಿತ್ತು, ಮಂಚ ಹಾಕಿ ಮನೆ ಮಾಡಿಕೊಂಡವನು ಅವನು. ಆ ಮನೆಯಲ್ಲಿ ಅವನಿಗೆಂದೇ ಇದ್ದ ಸ್ವರ್ಗ ಬಸ್ಸಿನ ಬುಡ. ಅಲ್ಲಿ ಹಿಂದಿನ ಟೈರಿನ ಮೇಲೊಂದು ತಗಡಿನ ಡಬ್ಬಿ, ಡಬ್ಬಿಯಲ್ಲಿ ಬೀಡಿ ಕಟ್ಟು.

ಡಾಕ್ಟರು ಎದೆ ಪರೀಕ್ಷೆ ಮಾಡಿ ಬೈದ ಮೇಲೆ ಮಂಜುಳಮ್ಮ ಅವನನ್ನು ದೇವರಾಯನದುರ್ಗ ಹತ್ತಿಸಿ ನರಸಿಂಹಸ್ವಾಮಿಯ ಮುಂದೆ ಆಣೆ ಹಾಕಿಸಿದ್ದಳು. "ಮನೆ ಒಳಗೂ ಸೇದಲ್ಲ, ಹೊರಗೂ ಸೇದಲ್ಲ." ಆಣೆ ಎಂದರೆ ಆಣೆ. ಅಂದಿನಿಂದ ಓಬಳಯ್ಯ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿ ಸೇದುತ್ತಿದ್ದ. ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಸ್ವಾಮಿಗೆ ಸುಳ್ಳು ಹೇಳಿದ ಪಾಪ ತನಗಿಲ್ಲವೆಂದು ಅವನಿಗೆ ಪೂರ್ತಿ ನೆಮ್ಮದಿ.

"ಸೀಟಿನ ಬೋಲ್ಟ್ ತೂತಿಗೆಲ್ಲ ಬಟ್ಟೆ ತುರುಕಿದ್ರಾಯ್ತು ಬುಡು," ಎಂದು ನೋಡಿದ.

"ತೂತು ಒಂದಾ, ಎರಡಾ? ಬರೀ ಗಾಳಿಯಾಗಿದ್ರೆ ತಡ್ಕಬೋದಿತ್ತು," ಎಂದು ಗೊಣಗಿಕೊಂಡು ಅವಳು ಕೋಳಿಗಳಿಗೆ ಕಾಳು ಹಾಕಲು ಹೋದಳು.

ಕಳ್ಳನ ಕೈಗೇ ಬೀಗ ಕೊಟ್ಟು ಹಾಕು ಅಂದ ಹಾಗಾಯಿತು. ಓಬಳಯ್ಯ ಯಾವುದೋ ಯುವನಾಯಕನ ಹುಟ್ಟುಹಬ್ಬದ ಹಳೆಯ ಫ್ಲೆಕ್ಸುಗಳನ್ನು ತಂದು ಉದ್ದಕ್ಕೆ ಸೀಳಿದ. ಬಸ್ಸಿನ ಅಂಚಿಗೆ ಬೈಂಡಿಂಗ್ ವೈರಿನಲ್ಲಿ ಬಿಗಿದು, ನೆಲ ಮುಟ್ಟುವ ಕಡೆ ಗಾಳಿ ಎತ್ತದಂತೆ ತೆಂಗಿನ ಮಟ್ಟೆ ಹೇರಿ ಮಣ್ಣು ಕೊಟ್ಟ. ಮೂಡಗಾಳಿ ಬೀಸುವ ಕಡೆಗೆ ಎರಡು ಪದರ ಹಾಕಿದ. ಸೀಳುವಾಗ ಎರಡು ತುಂಡಾದ ಯುವನಾಯಕನ ಮುಖ ಒಂದು ಕಡೆ, ಮುಗಿದ ಕೈ ಇನ್ನೊಂದು ಕಡೆ ಹೋಯಿತು.

ಪಕ್ಕದ ತೋಟದ ಚೌಡಪ್ಪ ಬೇಲಿಯಾಚೆ ನಿಂತು ನಕ್ಕ. "ಏನ್ ಓಬಳಣ್ಣ, ಬಸ್ಸಿಗೆ ಸೀರೆ ಉಡಿಸ್ತಾ ಇದೀಯಾ?"

"ಹೂಂ ಕಣೋ. ವಯಸ್ಸಾದ ಬಸ್ಸು, ಕಾಲು ತೋರಿಸ್ಕಂಡು ನಿಂತ್ರೆ ಚೆಂದವಾ?"

ಆದರೆ ಅವಳು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು. ಹಿಂದಿನ ಟೈರಿನ ಹತ್ತಿರ ಫ್ಲೆಕ್ಸನ್ನು ಬಿಗಿಯದೆ, ಪರದೆಯ ಹಾಗೆ ಇಳಿಬಿಟ್ಟ. ಕಂಕುಳಲ್ಲಿ ಕೋಳಿ ಅವುಚಿಕೊಂಡು ಬಂದ ಮಂಜುಳಮ್ಮನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

"ಇದ್ಯಾಕ್ರೀ ಹಂಗೇ ಬಿಟ್ರಿ?"

"ಬಸ್ಸು ಕಲ್ಲಿನ ಮೇಲೆ ನಿಂತದಲ್ಲ ಮಾರಾಯ್ತಿ. ಆಗಾಗ ಒಳಗೋಗಿ ನೋಡ್ಕಬೇಕು."

"ಹೌದೌದು. ಅಲ್ಲಿ ಯಾರಾದ್ರೂ ಒಬ್ರು ಇರ್ಲೇಬೇಕು," ಎಂದಳು ಮಂಜುಳಮ್ಮ. ಕಂಕುಳಿನ ಕೋಳಿ ಕೊರ್ ಎಂದಿತು. ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ಓಬಳಯ್ಯ ಒಳಗೊಳಗೇ ಹಿಗ್ಗಿದ.

ಆ ರಾತ್ರಿ ಬಸ್ಸು ಬೆಚ್ಚಗಿತ್ತು. ಬೆಳಿಗ್ಗೆ ಮಂಜುಳಮ್ಮ ಇನ್ನೂ ಗೊರಕೆ ಹೊಡೆಯುತ್ತಿದ್ದುದನ್ನು ಖಾತ್ರಿ ಮಾಡಿಕೊಂಡು ಅವನು ಪರದೆ ಎತ್ತಿ ತೆವಳಿದ. ಒಳಗೆ ಕಗ್ಗತ್ತಲು, ಹಾಯಾದ ಬಿಸುಪು. ಇಂಥ ಜಾಗವನ್ನು ಕಟ್ಟಿಸಿಕೊಟ್ಟ ಹೆಂಡತಿಯ ಮೇಲೆ ಅವನಿಗೆ ನಿಜವಾಗಿಯೂ ಪ್ರೀತಿ ಉಕ್ಕಿತು. ಟೈರಿನ ಮೇಲೆ ತಡಕಿದರೆ ಡಬ್ಬಿ ಸಿಕ್ಕಿತು, ಖಾಲಿಯಾಗಿತ್ತು. ಗಾಬರಿಯಾಗಿ ಟೈರಿನ ಪಕ್ಕಕ್ಕೆ ಕೈ ಹಾಕಿದ್ದೇ ತಡ, ಏನೋ ಕಟಕ್ಕನೆ ಕುಕ್ಕಿ, ಮುಂಗೈ ಪರಚಿತು.

"ಅಯ್ಯಯ್ಯಪ್ಪಾ!"

ಮೇಲೆ ಗೊರಕೆ ನಿಂತಿತು. ಬೋಲ್ಟ್ ತೂತಿನಿಂದ ಮಂಜುಳಮ್ಮನ ದನಿ ಇಳಿಯಿತು. "ಕೋಳಿ ಏಳಿಸ್ಬೇಡಿ ಕಣ್ರೀ. ಗಾಳಿ ಇಲ್ದ ಜಾಗ ಅಂತ ಕಾವಿಗೆ ಕೂರಿಸಿದೀನಿ."

"ಮೊದ್ಲೇ ಹೇಳ್ಬಾರ್ದಾ?"

"ನೀವು ಹೇಳಿದ್ರಾ? ಈ ತೂತಲ್ಲಿ ಗಾಳಿ ಜೊತೆ ಹೊಗೆನೂ ಬರ್ತಿತ್ತು. ಒಳಗೂ ಅಲ್ಲ ಹೊರಗೂ ಅಲ್ಲ ಅಂತ ಲೆಕ್ಕ ಹಾಕ್ದೋರು ನೀವೇ ಮೊದಲ್ನೇರಲ್ಲ. ಹಂಗೇ ವರ ಬೇಡಿದ ರಾಕ್ಷಸನ್ನ ನರಸಿಂಹಸ್ವಾಮಿ ಹೊಸ್ತಿಲ ಮೇಲೆ ಹಿಡ್ದು ಉಗುರಲ್ಲೇ ಬಗೆದ. ನನಗೆ ಅಷ್ಟುದ್ದ ಉಗುರಿಲ್ಲ. ಕೋಳಿಗದೆ."

ಓಬಳಯ್ಯನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಬೆಂಕಿಕಡ್ಡಿ ಗೀರಿದ. ಬೂದಿ ಹಾಸಿದ ಮಂಕರಿಯಲ್ಲಿ ಕೋಳಿ ಗರಿಗಳನ್ನೆಲ್ಲ ಕೆದರಿಕೊಂಡು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಅದರ ಎದೆಯಡಿಯಿಂದ ಬೀಡಿ ಕಟ್ಟಿನ ಕೆಂಪು ದಾರ ಇಣುಕುತ್ತಿತ್ತು. ಕೋಳಿ ಕತ್ತು ಬಗ್ಗಿಸಿ, ಆ ಕಟ್ಟನ್ನೂ ಕೊಕ್ಕಿನಿಂದ ಮೆತ್ತಗೆ ಒಳಗೆಳೆದುಕೊಂಡು, ಮೊಟ್ಟೆಗಳ ಜೊತೆ ಸೇರಿಸಿ ಕೂತಿತು.